ಹಿಂದೆ ಯಾರು

ಅಲ್ ಧೈದ್‌ನ ಹುಲ್ಲುತೋಟ, ಗಂಟೆ ಹನ್ನೊಂದೂವರೆ.
ಟ್ರೇಲರಿನ ಬೆನ್ನಿಗೆ ನಾಲ್ಕು ತಿರುಪು ಬಿಗಿದು
ಕಣ್ಣೊಂದನ್ನು ಕೂರಿಸಿದೆ.
ಹನ್ನೆರಡು ಮೀಟರು ವೈರು, ಏಳಿಂಚಿನ ಪರದೆ,
ಧೂಳಿಗೆಂದು ಮೇಲೊಂದು ರಬ್ಬರಿನ ಹುಬ್ಬು.

"ಆಡುಗಳು ಅಡಿಗೆ ಸಿಗುತ್ತವೆ, ಅದಕ್ಕೇ" ಎಂದಿದ್ದ ಅರ್ಬಾಬ್.
ಆಡಿನ ಸುದ್ದಿ ನನಗೆ ತಿಳಿಯದು.
ಈ ಬಯಲಲ್ಲಿ ನೆರಳೆಂಬುದು ಟ್ರೇಲರಿನ ಹಿಂದೆ ಮಾತ್ರ,
ಅದೂ ಒಂದು ಚಾಪೆಯಗಲ.

ಪರೀಕ್ಷೆಗೆ ನಾನೇ ಹಿಂದೆ ನಿಂತು ಕೈಯೆತ್ತಿದೆ.
ಸ್ಟೇರಿಂಗಿನಿಂದ ಗುಲ್ ಜಮಾನ್ ಕೂಗಿದ:
"ಇದಿನಬ್ಬ ಭಾಯ್, ಹಸಿರಲ್ಲಿದ್ದೀ... ಈಗ ಹಳದಿ...
ಸಾಕು, ಇನ್ನೊಂದು ಹೆಜ್ಜೆಗೆ ಕೆಂಪು!"
ಇಪ್ಪತ್ತೆರಡು ವರ್ಷದಲ್ಲಿ ನಾನೆಲ್ಲಿ ನಿಂತಿದ್ದೇನೆಂದು
ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ.

ಕ್ಯಾಬಿನ್ ಹತ್ತಿ ಬಿಲ್ಲು ಬರೆಯುತ್ತಿದ್ದೆ.
ಗೇರು ಹಿಂದಕ್ಕೆ ಬಿತ್ತು, ಕುಂಯ್ ಕುಂಯ್ ಎಂದಿತು,
ತಕ್ಷಣ ಇಂಜಿನ್ನೇ ನಿಂತಿತು.
ಪರದೆಯ ಕೆಂಪುಗೆರೆಯೊಳಗೆ
ಬಿಸಿಲಲ್ಲೊಂದು ಜೊತೆ ಹವಾಯಿ ಚಪ್ಪಲಿ,
ನೆರಳಲ್ಲಿ ಎರಡು ಒಡೆದ ಹಿಮ್ಮಡಿ.
ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ,
ಕನ್ನಡಿಯ ರೂಢಿ.

ಗುಲ್ ಜಮಾನ್ ಇಳಿದು ಹೋದ.
ಹೋಗುವಾಗ ಬಾಗಿಲನ್ನೂ ಬಡಿಯಲಿಲ್ಲ.
ಪರದೆಯಲ್ಲಿ ಅವನ ಪೈಜಾಮದ ಅಂಚು ಬಂತು,
ಬಾಗಿತು ಒಂದು ಕೈ.
ಮಲಗಿದವನನ್ನು ಎಬ್ಬಿಸದೆ
ಚಪ್ಪಲಿಗಳನ್ನಷ್ಟೇ ನೆರಳಿಗೆ ಸರಿಸಿಟ್ಟ,
ಏಳುವ ಹೊತ್ತಿಗೆ ಕಾದಿರಬಾರದೆಂದು.