ತೂಕದವನ ಹೇಳಿಕೆ

ಬ್ಯಾಡಗಿಯ ಮೋಟೆಬೆನ್ನೂರು ರಸ್ತೆಯಲ್ಲಿ
ಕಿಟಕಿಯೇ ಇಲ್ಲದ ಕೋಟೆಯೊಂದಿದೆ, ಕೋಲ್ಡ್ ಸ್ಟೋರೇಜ್ ಅನ್ನುತ್ತಾರೆ.
ಹೊರಗೆ ತಗಡಿನ ಮೇಲೆ ರೊಟ್ಟಿ ಬೇಯುವ ಬಿಸಿಲು,
ಒಳಗೆ ಮೂರು ಮಾಳಿಗೆ ಕತ್ತಲು,
ಅಮೋನಿಯಾ ಕೊಳವೆಗಳ ಮೈತುಂಬ ಹಿಮದ ಹುಣ್ಣು,
ಚೀಲದ ಮೇಲೆ ಚೀಲ, ಚೀಲದ ಮೇಲೆ ಚೀಲ,
ಸುಕ್ಕುಗಟ್ಟಿದ ಕೆಂಪು ಕಾಯಿ ಮಲಗಿವೆ
ಸಾಯದೆ, ಬದುಕದೆ, ರೇಟು ಏರಲೆಂದು.

ನಾಲ್ಕನೇ ಚೇಂಬರಿನಲ್ಲಿ ಗಂಗಿಮಾಳವ್ವ ಸಿಕ್ಕಳು,
ಸೋಮವಾರ ಬೆಳಿಗ್ಗೆ, ಟೆಂಡರಿಗೆ ಮುಂಚೆ.
ಕೂತೇ ಇದ್ದಳು, ಮೊಣಕಾಲು ಮಡಚಿ,
ತೊಟ್ಟು ಬಿಡಿಸುವಾಗ ಕೂರುತ್ತಿದ್ದ ಹಾಗೆಯೇ.
ರೆಪ್ಪೆಯ ಮೇಲೆ ಮಂಜಿನ ಕಾಳು.
ಸೆರಗಿನ ಗಂಟಿನಲ್ಲಿ ಒಂದು ಕಿಲೋದ ಕಬ್ಬಿಣದ ಕಲ್ಲು.

"ಬಾಗಲಾ ತಾನ ಬಿದ್ದೈತಿ" ಅಂದ ಸೂಪರ್‌ವೈಸರ್ ದಿಳ್ಳೆಪ್ಪ.
"ನಿದ್ದಿಗಣ್ಣಾಗ ಹೊಕ್ಕಿರಬೇಕು" ಅಂದರು ಮಾಲಕರು, ಹಿತ್ತಲಮನಿಯವರು.
ಹವಾಲ್ದಾರ ನೀರಲಗಿ ಎರಡನ್ನೂ ಕೂಡಿಸಿ ಬರೆದ: ಆಕಸ್ಮಿಕ.
ಚಿಲಕ ಇರುವುದು ಹೊರಗಡೆ ಎಂದು
ಚಿಲಕವೂ ಹೇಳಲಿಲ್ಲ.

ಅವಳ ಅವ್ವ ಗೇಟಿನ ಮುಂದೆ ಕೆಂಡ ತಂದಿಟ್ಟಳು,
ಬೊಗಸೆ ಮೆಣಸಿನಕಾಯಿ ಸುರಿದಳು, ನಮ್ಮನ್ನೇ ನೋಡುತ್ತ.
ಹೊಗೆ ಎದ್ದಿತು, ಕೋಟೆ ಮರೆಯಾಗುವಷ್ಟು.
ಘಾಟು ಬರಲಿಲ್ಲ.
ಇನ್ನೂರು ಮಂದಿಯಲ್ಲಿ ಒಬ್ಬರೂ ಸೀನಲಿಲ್ಲ.
"ಘಾಟು ನಿಮ್ಮ ಗಂಟಲಾಗ ಐತಿ" ಅಂದಳು ಮುದುಕಿ,
"ಹೊರಗ ಬರೂ ದಿನ ಬರ್ತೈತಿ."
ಬೂದಿ ತುಳಿದು ಹೋದಳು.

ಆ ರಾತ್ರಿಯಿಂದ ಕಾಟಾ ಕೆಟ್ಟಿತು.
ಏನೂ ಇಡದ ತಟ್ಟೆಯ ಮೇಲೆ, ಕತ್ತಲಲ್ಲಿ,
ಕೆಂಪು ಅಂಕಿ ಕಣ್ಣು ಬಿಡುತ್ತಿತ್ತು: ೪೭.೩೦೦.
ಪ್ಲಗ್ ಕಿತ್ತೆ. ೪೭.೩೦೦.
ಹುಬ್ಬಳ್ಳಿಯ ಮೆಕ್ಯಾನಿಕ್ ಬಂದ, ಬಿಚ್ಚಿದ, ಕಟ್ಟಿದ,
ರೊಕ್ಕ ಇಸಕೊಳ್ಳದೆ ಬಸ್ಸು ಹತ್ತಿದ.
ನನಗೆ ಗೊತ್ತಿತ್ತು ಆ ಅಂಕಿ.
ಆಯುಧಪೂಜೆಗೆ ಕಾಟಾಕ್ಕೆ ಚೆಂಡುಹೂ ಏರಿಸಿ
ನಗೆಗೆಂದು ಎಲ್ಲರನ್ನೂ ತೂಗಿದ್ದೆ,
ಮಂಡಕ್ಕಿ ತಿನ್ನಲು ಬಂದ ಹವಾಲ್ದಾರನನ್ನೂ,
ಖಾತೆಯ ಹಿಂಬದಿಗೆ ಬರೆದಿದ್ದೆ.
ಅವಳು ನಾಚಿ, ಚಪ್ಪಲಿ ಬಿಟ್ಟು ಹತ್ತಿದ್ದಳು.

ಅಮಾಸಿಯ ರಾತ್ರಿ ಮೂವರೂ ಬಂದರು.
"ಎಲ್ಲಿ, ನೋಡೂಣು" ಎಂದು ಮಾಲಕರೇ ಮೊದಲು ಹತ್ತಿದರು.
ಆಗ ಎಂಬತ್ತೊಂದು, ಈಗ ನೂರಾ ನಾಲ್ಕು.
ದಿಳ್ಳೆಪ್ಪನಿಗೆ ಹನ್ನೆರಡು ಹೆಚ್ಚು;
ಇಳಿದವನು ತನ್ನ ಅಂಗೈಗಳನ್ನೇ ನೋಡುತ್ತ ನಿಂತ.
ಹವಾಲ್ದಾರನಿಗೆ ಎಂಟು. ಬೂಟಿನದು ಅಂದ.
ಬೂಟು ಬಿಚ್ಚಿದ. ಎಂಟು.

ನಾನು ಹಮಾಲನ ಮಗ, ಕೂಡಿಸಲು ಬೆರಳು ಸಾಕು.
ಇಪ್ಪತ್ತಮೂರು, ಹನ್ನೆರಡು, ಎಂಟು: ನಲವತ್ತಮೂರು.
ಹೆಣಕ್ಕೆ ಇನ್ನೂ ನಾಲ್ಕು ಕಿಲೋ ಮುನ್ನೂರು ಗ್ರಾಂ ಕಡಿಮೆ.
ಎಲ್ಲರೂ ಹೋದ ಮೇಲೆ
ಚಪ್ಪಲಿ ಬಿಟ್ಟು ನಾನು ಹತ್ತಿದೆ.

ಮುನ್ನೂರು ಗ್ರಾಂ ಅಂದರೆ
ತೊಟ್ಟು ಬಿಡಿಸುವ ಹೆಂಗಸರ ಒಂದೊಂದು ಬುಟ್ಟಿಯಿಂದ
ಮಾಲಕರ ಮಾತಿಗೆ ನಾನು ಕಾಟಾಕ್ಕೆ ನುಂಗಿಸುತ್ತಿದ್ದದ್ದು.
ಶನಿವಾರ ಅವಳು ಬುಟ್ಟಿಯ ಬದಲು ಕಲ್ಲು ಇಟ್ಟಳು.
ಏಳುನೂರು ಅಂದಿತು ಕಾಟಾ.
"ಮಾಲತೇಶಣ್ಣ, ಕಬ್ಬಿಣಾನೂ ಸವೀತೈತೇನು?" ಅಂದಳು,
ನಾಳೆ ಎಲ್ಲಾರ್ನೂ ಕರಕೊಂಡು ಬರ್ತೀನಿ ಅಂದಳು.

ಉಳಿದ ನಾಲ್ಕು ಕಿಲೋ, ಅದೇ ರಾತ್ರಿ
ಲೆಕ್ಕ ಬರೆಯುತ್ತ ಕೂತಾಗ ಕೇಳಿದ್ದು.
ಧಡ್. ಧಡ್.
ಕಂಪ್ರೆಸರ್ ಇರಬೇಕು ಅಂದುಕೊಂಡೆ.
ಕರೆಂಟು ಹೋಗಿತ್ತು.
ಮೊಬೈಲಿನಲ್ಲಿ ಭಜನೆ ಜೋರು ಮಾಡಿದೆ.

ಹಾವೇರಿಯ ಕೋರ್ಟಿನಲ್ಲಿ, ಕಟಕಟೆಯಲ್ಲಿ, ಬಾಯಿ ತೆರೆದೆ.
ಮಾತಿಗೆ ಮುಂಚೆ ಘಾಟು ಬಂತು.
ಕ್ಲರ್ಕ್ ಸೀನಿದ. ವಕೀಲರು ಕರಿಕೋಟಿನ ತೋಳಿಗೆ ಮೂಗೊತ್ತಿದರು.
ಜಡ್ಜ್ ಸಾಹೇಬರ ಕಣ್ಣಲ್ಲಿ ನೀರು.
ಮಾಲಕರು ಕೆಮ್ಮಿ ಕೆಮ್ಮಿ ನೆಲಕ್ಕೆ ಕೂತರು.
ಕೊನೆಯ ಬೆಂಚಿನ ಮುದುಕಿ ಮಾತ್ರ
ಮೊದಲ ಸಲ ಎನ್ನುವಂತೆ ಉಸಿರಾಡುತ್ತಿದ್ದಳು.

ತೀರ್ಪು ಬಂದಿಲ್ಲ, ತಾರೀಕು ಬಿದ್ದಿದೆ.
ಸಾಕ್ಷಿ ಹೇಳಿ ಬಂದ ಸಂಜೆ
ತೂಗಿಕೊಂಡೆ.
ಇಳಿದದ್ದು ಮುನ್ನೂರು ಗ್ರಾಂ.