ಮೂರನೆಯ ಬಣ್ಣ

ಗೋಣಿಕೊಪ್ಪದ ಬೈಪಾಸಿನಲ್ಲಿ
ಮೊಯ್ದುವಿನ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ.
ಚೋಂದಮ್ಮ ತಂದ ಚೀಟಿಯಲ್ಲಿ
ಆನೆ, ಜೇನು, ಕಾಫಿ ಹೂ, ಅಜ್ಜನ ಪೀಚೆಕತ್ತಿ;
ಬಣ್ಣ ಹನ್ನೊಂದು.

"ಮೂರು," ಅಂದ ಮೊಯ್ದು. "ಮೂರೇ.
ಒಂದೊಂದಕ್ಕೂ ಬೇರೆ ಚೌಕಟ್ಟು, ಬೇರೆ ಬಿಲ್ಲು."

ಆನೆ ತಿತಿಮತಿ ಕಡೆ ಹೋಯಿತು. ಜೇನು ಹಾರಿತು.
ಉಳಿದದ್ದು ಚೇಲೆಯ ಕೆಂಪು,
ಕಾಫಿ ಹೂವಿನ ಬಿಳಿ.
ಕಪ್ಪು ಶಾಯಿಗೆ ಕೈಹಾಕಿದವನನ್ನು ತಡೆದು
ಸೀಸೆಯೆತ್ತಿ ಬೆಳಕಿಗೆ ಹಿಡಿದಳು:
ಕಾಚಂಪುಳಿ,
ಬೆಂದು ಬೆಂದು ತಾನೇ ಆದ ಕಪ್ಪು.
"ಇದಕ್ಕೂ ಬಿಲ್ಲು ಹಾಕ್ತೀಯ?"

ಎರಡರ ಹಣ ಎಣಿಸಿಕೊಂಡು ನಕ್ಕ ಮೊಯ್ದು.

ಈಗ ನನ್ನ ಅಡುಗೆಮನೆಯಲ್ಲಿ
ಪ್ರತಿ ಪಂದಿಕರಿಗೂ
ಆ ಮೂರನೆಯ ಬಣ್ಣ ಒಂದೊಂದು ಚಮಚ ಇಳಿಯುತ್ತದೆ.
ಗಾಜಿನ ಮೇಲಿನ ಬಿಳಿ ಅಕ್ಷರಗಳು,
ಮೊದಲ ಸಾಲಿನಿಂದ ಶುರುವಾಗಿ,
ಓದಲು ಬಾರದಂತಾಗುತ್ತಿವೆ.