ಬಾಬಿನ್‌ನ ಅಳತೆ

ಕರಮರಕರ್ ಬಾಯಿಯ ಪೈಠಣಿಯಲ್ಲಿ
ನವಿಲಿನ ಕತ್ತಿನ ಹತ್ತಿರ ಒಂದೇ ಒಂದು ಎಳೆ ಎದ್ದಿತ್ತು.
ಸೂಜಿಯಿಂದ ಒಳಗೆಳೆದು ಸುಮ್ಮನಾದೆ.
ಮಷೀನಿನ ಕೆಳಗೆ ಬಾಬಿನ್,
ಏನೂ ಅರಿಯದ ಬೆಕ್ಕು.

ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಝುಬೇರ್ ತೋರಿಸಿದ ಕಂಬಗಳು
ಗುಲಾಬಿ ಮಕಮಲ್ಲಿನವು, ತುದಿಗೊಂದು ಗಿಲಕಿ,
ಮುಟ್ಟಿದರೆ ಸಾಕು
ಮೊದಲ ಸಲ ಹೀಲ್ಸ್ ಹಾಕಿದವಳ ಹಾಗೆ ಓಲಾಡುವವು.
"ನಿಮ್ಮ ಬೆಕ್ಕು ಎಷ್ಟುದ್ದ?" ಅಂದ.
ಮೂವತ್ತು ವರ್ಷ ಮಾಹಿಮಿನ ಹೆಂಗಸರ ಅಳತೆ ತೆಗೆದವಳು
ಬಾಯಿ ಬಿಡದೆ ರೈಲು ಹತ್ತಿದೆ.

ರಾತ್ರಿ ಅವನು ಬಾಗಿಲಿಗೆ ಮೈ ನೀಡಿದಾಗ ಟೇಪು ಹಿಡಿದೆ:
ಮೂವತ್ತೊಂದು ಇಂಚು.
ಝುಬೇರನದು ಇಪ್ಪತ್ತೆರಡು.

ಬಟ್ಟೆಯ ತಾನು ಸುತ್ತಿ ಬಂದ ಮರದ ದಿಂಡು ಇತ್ತು,
ಬುಡಕ್ಕೆ ಕೆಟ್ಟ ಮಷೀನಿನ ಎರಕದ ಕಾಲು.
ಹಗ್ಗ ಕೋಳಿವಾಡದ ಯಮುಬಾಯಿಯದು,
ದೋಣಿ ಮಾರಿದ ಮೇಲೆ ಉಳಿದದ್ದು.
"ಇದಕ್ಕೆಂಥ ಕಾಸು" ಅಂದಳು,
ಆದರೆ ಒಮ್ಮೆ ಮೂಸಿ ನೋಡಿಯೇ ಕೊಟ್ಟಳು.

ಮೂರು ದಿನ ಅವನೂ ಬರೇ ಮೂಸಿದ.
ನಾಲ್ಕನೆಯ ಬೆಳಗ್ಗೆ, ನಾನು ಕಾಜಾ ಹೊಲಿಯುತ್ತಿರುವಾಗ,
ಪರ್ರ್ ಅಂತ ಹರಿದ ಸದ್ದು.
ಎದೆ ಧಸಕ್ಕೆಂದು ತಿರುಗಿದರೆ
ಹಾರುತ್ತಿದ್ದದ್ದು ನಾರು.

ಎಳೆಯ ವಿಷಯ ಇನ್ನೂ ಹೇಳಿಲ್ಲ.
ಅಳತೆ ಪುಸ್ತಕದಲ್ಲಿ ಮಾತ್ರ
ಕರಮರಕರ್ ಬಾಯಿಯ ಕೆಳಗೇ ಬರೆದಿದ್ದೇನೆ:
ಬಾಬಿನ್. ಉದ್ದ ೩೧. ತೋಳು ೯.
ಸೊಂಟ: ನಿಲ್ಲಲಿಲ್ಲ.